ಮೂರನೆಯ ಅಂಕಣ

ವಿಶ್ರಾಮಬಾಗದಿಂದ ಸಮುದ್ರ ಕಾಣುವುದಿಲ್ಲ. ಸಾಂಗಲಿ ಮಿರಜಗಳ ನಡುವೆ ನೆಲೆಸಿದ ನಮಗೆ ನೀರೆಂದರೆ ಕೃಷ್ಣೆ. ಬೇಸಿಗೆಯಲ್ಲಿ ಸೊರಗಿ, ಶ್ರಾವಣದಲ್ಲಿ ಉಕ್ಕಿ, ಕೆಲವು ವರ್ಷ ನಮ್ಮ ಬಂಧುಗಳ ಹೊಸ್ತಿಲನ್ನೂ ದಾಟಿ ಒಳಗೆ ಬರುವ ಕೃಷ್ಣೆ. ಆದರೂ ಕನ್ನಡಿಗರ ಮಟ್ಟಿಗೆ ಈ ಊರಿಗೂ ಸಮುದ್ರಕ್ಕೂ ಒಂದು ನಂಟಿದೆ. ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸಿದ ಇಲ್ಲಿನ ವಿಲಿಂಗ್ಡನ್ ಕಾಲೇಜಿನಲ್ಲಿ, ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗಿಬಂದು ‘ಸಮುದ್ರಗೀತೆಗಳು’ ಬರೆದ ವಿ.ಕೃ. ಗೋಕಾಕರು ಪ್ರಾಚಾರ್ಯರಾಗಿದ್ದರು. ಆ ಕಾಲೇಜಿನ ಮರಗಳ ಕೆಳಗೆ ಹಾದುಹೋಗುವಾಗಲೆಲ್ಲ, ಸಮುದ್ರವನ್ನು ಹೊತ್ತು ತಂದು ಈ ಒಳನಾಡಿನಲ್ಲಿ ಇಳಿಸಿದವರು ನನಗಿಂತ ಮೊದಲೂ ಇದ್ದರೆಂದು ನೆನೆದು ಸಮಾಧಾನಪಡುತ್ತೇನೆ.

ನಾನು ಕವಿಯಲ್ಲ. ಸಮ್ಮೇಳನದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಪಾದಕ ಮಿತ್ರರು ಕೇಳಿದಾಗ, ಮೂವತ್ತು ವರ್ಷ ಯಂತ್ರಗಳ ನಡುವೆ ಬದುಕಿದವನು ಸಾಹಿತ್ಯದ ಪಂಕ್ತಿಯಲ್ಲಿ ಏನು ಬಡಿಸಲಿ ಎಂದು ಹಿಂಜರಿದೆ. ಕೊನೆಗೆ, ನಾನು ಮಾಡಿದ ಒಂದು ತಪ್ಪನ್ನೇ ಬರೆಯುವುದು ಲೇಸೆನಿಸಿತು. ಅದು ಒಂದು ಪೆನ್ಸಿಲ್ಲಿನ ಗುರುತಿನಷ್ಟು ಸಣ್ಣ ತಪ್ಪು. ಅದರ ಬೆಲೆ ಒಬ್ಬ ತರುಣನ ಪ್ರಾಣವಾಗಬಹುದಿತ್ತು.

ನಮ್ಮ ಹಿರಿಯರು ಅಥಣಿ ತಾಲೂಕಿನವರು. ತಂದೆಯವರ ನೌಕರಿಯಿಂದಾಗಿ ನಾವು ವಿಶ್ರಾಮಬಾಗಕ್ಕೆ ಬಂದೆವು. ವಾಲಚಂದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಯಂತ್ರಶಾಸ್ತ್ರ ಓದಿ, 1984ರಲ್ಲಿ ನಾನು ಮುಂಬೈಯ ಒಂದು ಕಾರಖಾನೆಗೆ ಸೇರಿದೆ. ಅಲ್ಲಿನ ಮೇಲಧಿಕಾರಿಗಳು ಪಾರ್ಸಿ ಮಹನೀಯರು, ಮಿತಭಾಷಿಗಳು. ಅವರದೊಂದು ಸಣ್ಣ ಹಾಯಿದೋಣಿ ಗೇಟ್‌ವೇ ಆಫ್ ಇಂಡಿಯಾದ ಎದುರಿನ ನೀರಿನಲ್ಲಿ ಲಂಗರು ಹಾಕಿ ನಿಂತಿರುತ್ತಿತ್ತು. ಇಪ್ಪತ್ತಾರು ಅಡಿ ಉದ್ದ. ಒಳಗೆ ನಾಲ್ವರು ಕುಳಿತರೆ ಐದನೆಯವನು ನಿಲ್ಲಬೇಕು. ಅದರ ಪಂಪು ಕೆಟ್ಟಿತೆಂದು ಒಂದು ಭಾನುವಾರ ನನ್ನನ್ನು ಕರೆದೊಯ್ದರು. ಪಂಪು ರಿಪೇರಿಯಾಯಿತು, ನಾನು ಮಾತ್ರ ಹದಿನೇಳು ವರ್ಷ ಆ ದೋಣಿಯಿಂದ ಇಳಿಯಲಿಲ್ಲ.

ಊರಿಗೆ ಬಂದಾಗ ಈ ಸುದ್ದಿ ಕೇಳಿದ ನಮ್ಮ ಅವ್ವ ಹೇಳಿದ್ದು ಒಂದೇ ಮಾತು: “ತಮ್ಮಾ, ನೀರಿನ ಜೋಡಿ ಮಸ್ಕಿರಿ ಮಾಡಬ್ಯಾಡ.”

ಮುಂಬೈಯಲ್ಲಿ ಹಾಯಿದೋಣಿಗಳ ಪಂದ್ಯದ ಕಾಲ ಮಳೆಗಾಲ ಮುಗಿದ ಮೇಲೆ ಆರಂಭವಾಗುತ್ತದೆ. ಜೂನ್ ಬರುವ ಮೊದಲೇ ದೋಣಿಯನ್ನು ದಡಕ್ಕೆಳೆದು, ತಾಡಪತ್ರಿ ಹೊದಿಸಿ, ಗಾಳಿಮಳೆಗಳಿಂದ ಕಾಪಾಡಬೇಕು. ದಸರೆಯ ಹೊತ್ತಿಗೆ ತಳ ಕೆರೆದು, ಬಣ್ಣ ಬಳಿದು, ಮತ್ತೆ ನೀರಿಗಿಳಿಸಬೇಕು. ಬಂದರಿನೊಳಗಿನ ಹಗಲು ಪಂದ್ಯಗಳಿಗೆ ಅಷ್ಟು ಸಾಕಾಗುತ್ತಿತ್ತು. ಆದರೆ ಬಂದರು ದಾಟಿ, ಅಲಿಬಾಗದ ಕಡೆಯ ಖಾಂದೇರಿ ದ್ವೀಪವನ್ನು ಸುತ್ತಿ, ರಾತ್ರಿಯಲ್ಲಿ ಮರಳುವ ಪಂದ್ಯಕ್ಕೆ ಹೆಸರು ಕೊಡಬೇಕಾದರೆ ದೋಣಿಯ ಸುರಕ್ಷಾ ಸಾಮಗ್ರಿಯ ಪಟ್ಟಿಯನ್ನು ತುಂಬಿ, ಸಹಿ ಮಾಡಿ, ಪಂದ್ಯದ ಸಮಿತಿಗೆ ಒಪ್ಪಿಸಬೇಕಾಗಿತ್ತು.

ಆ ಪಟ್ಟಿ ಯಾರೋ ಮನಸ್ಸಿಗೆ ಬಂದಂತೆ ಬರೆದುದಲ್ಲ. ಸಾಗರ ಪಂದ್ಯಗಳಿಗಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ವಿಶೇಷ ನಿಯಮಾವಳಿಯೊಂದಿದೆ. ದಡದಿಂದ ಎಷ್ಟು ದೂರ, ನೆರವು ಎಷ್ಟು ಬೇಗ ಸಿಗಬಹುದು ಎಂಬುದನ್ನು ನೋಡಿ ಅದು ಪಂದ್ಯಗಳನ್ನು ವರ್ಗಗಳಾಗಿ ವಿಂಗಡಿಸುತ್ತದೆ. ಸೊನ್ನೆಯ ವರ್ಗವೆಂದರೆ ಮಹಾಸಾಗರ ದಾಟುವವರು. ಅವರು ಪೂರ್ಣವಾಗಿ ತಮ್ಮನ್ನೇ ನೆಚ್ಚಿಕೊಳ್ಳಬೇಕು. ಸಂಖ್ಯೆ ಏರಿದಂತೆ ದಡ ಹತ್ತಿರವಾಗುತ್ತದೆ, ಪಟ್ಟಿ ಚಿಕ್ಕದಾಗುತ್ತದೆ. ನಮ್ಮದು ಕೊನೆಯ ವರ್ಗಗಳಿಗೆ ಸೇರಿದ ಸಣ್ಣ ಪಟ್ಟಿಯೇ. ಆದರೂ ಅದರಲ್ಲಿ ನಲವತ್ತಕ್ಕೂ ಹೆಚ್ಚು ಸಾಲುಗಳಿದ್ದವು: ಲೈಫ್ ಜಾಕೆಟ್ಟು, ಸೊಂಟಪಟ್ಟಿ, ಎಸೆಯುವ ಹಗ್ಗ, ತೇಲುವ ಬಳೆ ಮತ್ತು ಅದರ ದೀಪ, ಕೆಂಪು ಬೆಳಕಿನ ಕೈಬತ್ತಿ, ಕಿತ್ತಳೆ ಹೊಗೆಯ ಡಬ್ಬಿ, ಲಂಗರು, ದಿಕ್ಸೂಚಿ, ಔಷಧಿ ಪೆಟ್ಟಿಗೆ, ಚಾಕು, ಬಕೆಟ್ಟು, ಮರದ ಬಿರಡೆ. ಪ್ರತಿ ಸಾಲಿನ ಮುಂದೆ ಎರಡು ಅಂಕಣ: ‘ಇದೆ’, ‘ಇಲ್ಲ’.

ಪಟ್ಟಿ ತುಂಬುವ ಕೆಲಸ ನನ್ನದು. ಇಂಜಿನಿಯರನೆಂಬ ಹಮ್ಮಿನಿಂದ ನಾನೇ ಕೇಳಿ ಪಡೆದ ಕೆಲಸವದು. ಮೊದಲ ವರ್ಷ ಪ್ರತಿಯೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ನೋಡಿ ಗುರುತು ಹಾಕಿದೆ. ಎರಡನೆಯ ವರ್ಷ ಪೆಟ್ಟಿಗೆ ತೆರೆದು ಕಣ್ಣಾಡಿಸಿ ಗುರುತು ಹಾಕಿದೆ. ಐದಾರು ವರ್ಷ ಕಳೆಯುವಷ್ಟರಲ್ಲಿ ಮನೆಯಲ್ಲಿ ಚಹಾ ಕುಡಿಯುತ್ತ, ಹಿಂದಿನ ವರ್ಷದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಹತ್ತು ನಿಮಿಷದಲ್ಲಿ ನಲವತ್ತು ಗುರುತು ಹಾಕಿ ಮುಗಿಸುವಷ್ಟು ಪಳಗಿದ್ದೆ.

1996ರ ಜನವರಿಯ ಪಂದ್ಯ. ಮಧ್ಯಾಹ್ನ ನಾಲ್ಕಕ್ಕೆ ಹೊರಟೆವು. ವಾಯವ್ಯದ ಗಾಳಿ ಬೆನ್ನಿಗಿತ್ತು; ದೋಣಿ ದಕ್ಷಿಣಕ್ಕೆ ಸುಖವಾಗಿ ಓಡುತ್ತಿತ್ತು. ಏಳರ ಸುಮಾರಿಗೆ ಕತ್ತಲಾಯಿತು. ಖಾಂದೇರಿಯ ದೀಪಸ್ತಂಭ ಎದುರಿಗೆ ಮಿನುಗುತ್ತಿತ್ತು. ಮುಂದಿನ ಹಾಯಿ ಸಿಕ್ಕಿಕೊಂಡಿತೆಂದು, ನಮ್ಮಲ್ಲಿ ಎಲ್ಲರಿಗಿಂತ ಕಿರಿಯನಾಗಿದ್ದ ಅಲಿಬಾಗದ ಕಡೆಯ ಕೋಳಿ ಹುಡುಗ ಅದನ್ನು ಬಿಡಿಸಲು ಮುಂದಕ್ಕೆ ಹೋದ. ಸೊಂಟದ ಹಗ್ಗದ ಕೊಕ್ಕೆಯನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಸಿಕ್ಕಿಸಬೇಕು. ಆ ಎರಡು ಕ್ಷಣಗಳ ಅಂತರದಲ್ಲಿ ಅಲೆಯೊಂದು ಹಿಂಬದಿಯನ್ನು ಎತ್ತಿ ಹೊರಳಿಸಿತು. ಗಾಳಿ ಹಾಯಿಯ ಮತ್ತೊಂದು ಮಗ್ಗುಲನ್ನು ಹಿಡಿಯಿತು. ಹಾಯಿಯ ಅಡಿಯ ಅಡ್ಡಮರ ಬೀಸಿ ಈಚೆಯಿಂದ ಆಚೆಗೆ ಹಾರಿತು, ದೋಣಿ ಪಕ್ಕಕ್ಕೆ ವಾಲಿತು. ಹುಡುಗ ನೀರಿನಲ್ಲಿದ್ದ.

ಅವನು ತೊಟ್ಟಿದ್ದು ಗಾಳಿ ತುಂಬಿಕೊಳ್ಳುವ ಜಾತಿಯ ಜಾಕೆಟ್ಟು. ಬಟ್ಟೆಯೊಳಗೆ ಬೆರಳುದ್ದದ ಉಕ್ಕಿನ ಸಿಲಿಂಡರಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಹುರಿ ಎಳೆದರೆ ಸೂಜಿಯೊಂದು ಸಿಲಿಂಡರಿನ ಬಾಯನ್ನು ಚುಚ್ಚಿ, ಕೆಲವೇ ಕ್ಷಣಗಳಲ್ಲಿ ಜಾಕೆಟ್ಟು ಉಬ್ಬಬೇಕು. ಅವನು ಎಳೆದ. ಉಬ್ಬಲಿಲ್ಲ. ಕತ್ತಲಲ್ಲಿ ಅವನ ಕೂಗು ಮಾತ್ರ ಕೇಳಿಸಿತು, ಅದೂ ಹಿಂದೆ ಹಿಂದೆ ಸರಿಯುತ್ತ. ಮೇಲಧಿಕಾರಿಗಳು ಚುಕ್ಕಾಣಿ ತಿರುಗಿಸುತ್ತಲೇ ನನ್ನತ್ತ ಕೂಗಿದರು. ನಾನು ತೇಲುವ ಬಳೆಯನ್ನು ಎಸೆದೆ. ನೀರಿಗೆ ಬಿದ್ದೊಡನೆ ಅದರ ದೀಪ ಹತ್ತಿಕೊಂಡಿತು. ಎಂಟು ದಿನಗಳ ಹಿಂದೆಯಷ್ಟೇ, ಬೇರೆ ಏನಕ್ಕೋ ಪೆಟ್ಟಿಗೆ ತೆರೆದಾಗ ಕೈಗೆ ಸಿಕ್ಕಿತೆಂದು, ಅದರ ಸೆಲ್ಲುಗಳನ್ನು ಬದಲಿಸಿದ್ದೆ. ಅದು ನನ್ನ ಎಚ್ಚರದ ಫಲವಲ್ಲ, ದೈವಕೃಪೆ.

ಹುಡುಗ ಸಮುದ್ರದ ಮಗ. ಹೆದರದೆ ಜಾಕೆಟ್ಟಿನ ಬಾಯಿ ಕೊಳವೆಯನ್ನು ಹುಡುಕಿ ಊದತೊಡಗಿದ್ದ. ದೀಪ ಕಂಡ ಕಡೆಗೆ ಈಜಿ ಬಳೆಯನ್ನು ಹಿಡಿದ. ನಾವು ಹಾಯಿ ಇಳಿಸಿ, ತಿರುಗಿ ಬಂದು, ಎಸೆದ ಹಗ್ಗ ಒಮ್ಮೆ ತಪ್ಪಿ ಎರಡನೆಯ ಸಲ ಅವನ ಕೈಗೆ ಸಿಕ್ಕಿ, ಅವನನ್ನು ಮೇಲಕ್ಕೆತ್ತುವಷ್ಟರಲ್ಲಿ ಹನ್ನೊಂದು ನಿಮಿಷಗಳಾಗಿದ್ದವು. ನನ್ನ ಕೈಗಡಿಯಾರ ಹಾಗೆ ಹೇಳಿತು. ನನ್ನ ಎದೆ ಇನ್ನೂ ಒಪ್ಪುವುದಿಲ್ಲ. ಒಂದು ರಾತ್ರಿಯೇ ಕಳೆದಿತ್ತೆನ್ನುತ್ತದೆ.

ಪಂದ್ಯ ಬಿಟ್ಟು ಮರಳಿದೆವು. ಬಂದರಿನ ದೀಪದ ಕೆಳಗೆ ಮೇಲಧಿಕಾರಿಗಳು ಆ ಜಾಕೆಟ್ಟನ್ನು ಬಿಚ್ಚಿದರು. ಸಿಲಿಂಡರ್ ತುಂಬಿತ್ತು, ಸೂಜಿ ಸರಿಯಾಗಿತ್ತು. ಆದರೆ ಸಿಲಿಂಡರು ತನ್ನ ತಿರುಪಿನಿಂದ ಎರಡು ಸುತ್ತು ಸಡಿಲಗೊಂಡಿತ್ತು. ವರ್ಷಗಟ್ಟಲೆ ಮಡಿಚಿ ಬಿಡಿಸಿ ಅಲುಗಾಡಿದ್ದರ ಪರಿಣಾಮ. ಸೂಜಿಗೂ ಸಿಲಿಂಡರಿನ ಬಾಯಿಗೂ ನಡುವೆ ಅಕ್ಕಿಕಾಳಿನಷ್ಟು ಅಂತರ. ಬೆರಳಿನಿಂದ ಒಮ್ಮೆ ತಿರುಗಿಸಿ ನೋಡಿದ್ದರೆ ತಿಳಿಯುತ್ತಿತ್ತು.

“ಇದನ್ನು ಪರೀಕ್ಷಿಸಿದವರು ಯಾರು?” ಎಂದರು.

“ನಾನೇ,” ಎಂದೆ. ಆಮೇಲೆ, ಸುಳ್ಳು ಹೇಳಿದೆನೆಂದು ಅರಿವಾಗಿ, “ನಾನು ಪರೀಕ್ಷಿಸಲಿಲ್ಲ. ಗುರುತು ಮಾತ್ರ ಹಾಕಿದೆ,” ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಜೇಬಿನಿಂದ ಪಟ್ಟಿಯ ಪ್ರತಿಯನ್ನು ತೆಗೆದು, ‘ಇದೆ’, ‘ಇಲ್ಲ’ ಎಂಬ ಎರಡು ಅಂಕಣಗಳ ಪಕ್ಕದಲ್ಲಿ ಪೆನ್ನಿನಿಂದ ಮೂರನೆಯ ಗೆರೆಯೊಂದನ್ನು ಎಳೆದು, ಅದರ ನೆತ್ತಿಯ ಮೇಲೆ ‘ಹೇಗೆ ಗೊತ್ತು?’ ಎಂದು ಬರೆದು ನನ್ನ ಕೈಗಿತ್ತರು. ಆ ಹುಡುಗ ಕಂಬಳಿ ಹೊದ್ದು ಚಹಾ ಕುಡಿಯುತ್ತ ಕುಳಿತಿದ್ದ. ನಾನು ಅವನ ಬಳಿ ಹೋಗಿ ನಡೆದುದನ್ನು ಹೇಳಿ ಕ್ಷಮೆ ಕೇಳಿದೆ. ಅವನು ನಕ್ಕು, “ಕಾಕಾ, ಇನ್ನು ಮೇಲೆ ನನ್ನದನ್ನು ನಾನೇ ತಿರುಗಿಸಿ ನೋಡಿಕೊಳ್ತೇನೆ,” ಎಂದ. ಅವನ ಮಾತಿನಲ್ಲಿ ಕಹಿ ಇರಲಿಲ್ಲ. ಆದರೆ ನನ್ನ ಮೇಲಿದ್ದ ಅವನ ನಂಬಿಕೆ ಆ ರಾತ್ರಿ ಅಲ್ಲಿಗೆ ಮುಗಿದಿತ್ತು. ಅದು ನ್ಯಾಯವೂ ಆಗಿತ್ತು.

ಅಂದಿನಿಂದ ನಮ್ಮ ದೋಣಿಯ ಪಟ್ಟಿಗೆ ಮೂರು ಅಂಕಣಗಳಾದವು. ಮೂರನೆಯದನ್ನು ತುಂಬಲು ಹತ್ತು ನಿಮಿಷ ಸಾಲದಾಯಿತು. ಎರಡು ಭಾನುವಾರಗಳು ಬೇಕಾದವು. ಆ ಭಾನುವಾರಗಳಲ್ಲಿ ನಾನು ಕಲಿತಷ್ಟನ್ನು ಕಾಲೇಜಿನಲ್ಲಿಯೂ ಕಲಿತಿರಲಿಲ್ಲ.

ಜಾಕೆಟ್ಟಿನಿಂದಲೇ ಆರಂಭಿಸಿದೆ. ಪ್ರತಿ ಸಿಲಿಂಡರಿನ ಮೈಮೇಲೆ ತುಂಬಿದಾಗಿನ ತೂಕವನ್ನು ಕೆತ್ತಿರುತ್ತಾರೆ. ಅದನ್ನು ಹೊರತೆಗೆದು ತೂಗಬೇಕು. ಕೆಲವು ಗ್ರಾಂ ಕಡಿಮೆಯಿದ್ದರೂ ಅನಿಲ ಸೋರಿದೆಯೆಂದು ತಿಳಿಯಬೇಕು. ಮನೆಯ ಅಡುಗೆಗೆಂದು ತಂದಿದ್ದ ಸಣ್ಣ ತಕ್ಕಡಿ ಆ ಕೆಲಸಕ್ಕೆ ಹೋಯಿತು. ಬಳಿಕ ಬಾಯಿ ಕೊಳವೆಯಿಂದ ಜಾಕೆಟ್ಟನ್ನು ಊದಿ, ಒಂದು ರಾತ್ರಿ ಹಾಗೆಯೇ ಬಿಡಬೇಕು. ಬೆಳಿಗ್ಗೆ ಮೆತ್ತಗಾಗಿದ್ದರೆ ಹೊಲಿಗೆಯಲ್ಲೋ ಮಡಿಕೆಯಲ್ಲೋ ಸೋರಿಕೆಯಿದೆ. ದಾದರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಐದು ಜಾಕೆಟ್ಟುಗಳು ಉಬ್ಬಿ ಮಲಗಿದ್ದನ್ನು ಕಂಡು ನನ್ನ ಮಡದಿ, “ಅಲ್ರೀ, ಇವರಿಗೆಲ್ಲ ಊಟಕ್ಕೂ ನಾನೇ ಬಡಿಸಬೇಕೇನು?” ಎಂದು ಕೇಳಿದ್ದುಂಟು.

ಬಕೆಟ್ಟಿನ ಸಾಲನ್ನು ನಾನು ಮೊದಲು ನಗುತ್ತ ಓದುತ್ತಿದ್ದೆ. ಗಟ್ಟಿಮುಟ್ಟಾದ ಎರಡು ಬಕೆಟ್ಟುಗಳಿರಬೇಕು, ಪ್ರತಿಯೊಂದೂ ಕನಿಷ್ಠ 9 ಲೀಟರಿನದಾಗಿರಬೇಕು, ಪ್ರತಿಯೊಂದಕ್ಕೂ ಹಗ್ಗ ಕಟ್ಟಿರಬೇಕು ಎನ್ನುತ್ತದೆ ನಿಯಮ. ಇಷ್ಟು ವಿವರ ಬಕೆಟ್ಟಿಗೇಕೆ? ನಮ್ಮ ಬಕೆಟ್ಟನ್ನು ನೀರು ತುಂಬಿ, ಹಗ್ಗ ಹಿಡಿದು, ದೋಣಿಯ ಪಕ್ಕದಿಂದ ಮೇಲೆತ್ತಿದೆ. ಮೂರನೆಯ ಸಲಕ್ಕೆ ಹಿಡಿಕೆಯ ಪ್ಲಾಸ್ಟಿಕ್ ಕಿವಿ ಕಿತ್ತುಬಂದು ಬಕೆಟ್ಟು ಸಮುದ್ರಪಾಲಾಯಿತು. ದೋಣಿಯಲ್ಲಿ ನೀರು ನುಗ್ಗಿದಾಗ, ಪಂಪುಗಳೆಲ್ಲ ಕಸ ಸಿಕ್ಕಿ ನಿಂತಾಗ, ಜೀವಭಯ ಹಿಡಿದ ಮನುಷ್ಯನ ಕೈಯ ಬಕೆಟ್ಟಿಗಿಂತ ಮಿಗಿಲಾದ ಪಂಪು ಇಲ್ಲವೆಂದು ನಾವಿಕರು ಹೇಳುತ್ತಾರೆ. ಆದರೆ ಅದರ ಕಿವಿ ಗಟ್ಟಿಯಾಗಿರಬೇಕು. ‘ಗಟ್ಟಿಮುಟ್ಟಾದ’ ಎಂಬ ವಿಶೇಷಣ ಅಲಂಕಾರಕ್ಕೆ ಬಂದುದಲ್ಲವೆಂದು ಆ ದಿನ ಅರಿತೆ.

ಮರದ ಬಿರಡೆಗಳ ಕಥೆ ಇನ್ನೂ ಸೊಗಸಾದುದು. ದೋಣಿಯ ತಳದಲ್ಲಿ ನೀರು ಒಳಗೆ ಬರಲು, ಹೊರಗೆ ಹೋಗಲು ರಂಧ್ರಗಳಿರುತ್ತವೆ. ಪ್ರತಿಯೊಂದಕ್ಕೂ ಒಂದು ಕವಾಟ. ಆ ಕವಾಟ ಒಡೆದರೆ ತಕ್ಷಣ ಬಡಿದು ಮುಚ್ಚಲು, ಮೊನಚಾಗಿ ಕಡೆದ ಮೆದು ಮರದ ಬಿರಡೆಯೊಂದನ್ನು ಆಯಾ ರಂಧ್ರದ ಪಕ್ಕದಲ್ಲೇ ಇಟ್ಟಿರಬೇಕು. ನಾನು ಉತ್ತಮವಾದುದೇ ಇರಲೆಂದು ಬಡಿಗನಿಗೆ ಸಾಗವಾನಿಯಲ್ಲಿ ಕಡೆಯಲು ಹೇಳಿದೆ. ವಯಸ್ಸಾದ ಆ ಬಡಿಗ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸಾಹೇಬ್ರೇ, ಸಾಗವಾನಿ ಮಾನಿಷ್ಠ ಮರ, ಬಾಗುವುದಿಲ್ಲ, ಉಬ್ಬುವುದಿಲ್ಲ. ತೂತು ಮುಚ್ಚಲು ಹಗುರ ಮರವೇ ಬೇಕು, ಅದು ಪೆಟ್ಟು ತಿಂದು ತೂತಿನ ಆಕಾರವನ್ನೇ ತಾಳುತ್ತದೆ, ನೀರು ಕುಡಿದು ಉಬ್ಬಿ ಭದ್ರವಾಗುತ್ತದೆ,” ಎಂದ. ಅಗ್ಗದ ಮರದಲ್ಲಿ ಆರು ಬಿರಡೆ ಕಡೆದುಕೊಟ್ಟು, ಒಂದು ಚಹಾದ ಬೆಲೆಯನ್ನಷ್ಟೇ ತೆಗೆದುಕೊಂಡ. ಅವನ್ನು ಹುರಿಯಿಂದ ಆಯಾ ಕವಾಟಕ್ಕೇ ಕಟ್ಟಿದೆ. ಕತ್ತಲಲ್ಲಿ ಪೆಟ್ಟಿಗೆ ಹುಡುಕುವ ಪುರಸೊತ್ತು ನೀರು ಕೊಡುವುದಿಲ್ಲ. ಹಾಗೆ ಕಟ್ಟುವಾಗಲೇ ಎರಡು ಕವಾಟಗಳು ಉಪ್ಪು ಹಿಡಿದು ತಿರುಗದಂತಾಗಿದ್ದುದು ತಿಳಿಯಿತು. ಪಟ್ಟಿಯಲ್ಲಿ ಅವೂ ವರ್ಷಗಳಿಂದ ‘ಇದೆ’ ಎಂದೇ ಇದ್ದವು.

ಹಾಯಿಯ ಕಂಬವನ್ನು ಹಿಡಿದು ನಿಲ್ಲಿಸುವ ಉಕ್ಕಿನ ಹಗ್ಗಗಳು ಹತ್ತೊಂಬತ್ತು ಎಳೆಗಳನ್ನು ಹೊಸೆದು ಮಾಡಿದವು. ಒಂದು ಎಳೆ ತುಂಡಾದರೆ ಕಣ್ಣಿಗೆ ಕಾಣುವುದಿಲ್ಲ. ಹಳೆಯ ಹತ್ತಿಬಟ್ಟೆಯನ್ನು ಸುತ್ತಿಹಿಡಿದು ಮೇಲಿಂದ ಕೆಳಗೆ ಸವರಿಕೊಂಡು ಬಂದರೆ, ತುಂಡಾದ ಎಳೆಯ ಮುಳ್ಳಿಗೆ ಬಟ್ಟೆಯ ನೂಲು ಸಿಕ್ಕುತ್ತದೆ. ದೋಣಿಯ ಅಂಚಿಗೆ ಬೇಲಿಯಂತೆ ಕಟ್ಟಿದ ತಂತಿಗಳ ವಿಷಯದಲ್ಲಿ ಇಂದಿನ ನಿಯಮ ಇನ್ನೂ ಕಟ್ಟುನಿಟ್ಟು. ಹಿಂದೆ ಬೆಳ್ಳಗಿನ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಎಲ್ಲರೂ ಇಷ್ಟಪಡುತ್ತಿದ್ದರು. ನೋಡಲು ಅಂದ, ಕೈಗೆ ಮೆತ್ತಗೆ. ಆದರೆ ತುಕ್ಕು ಒಳಗೊಳಗೇ ತಿನ್ನುತ್ತಿದ್ದರೂ ಹೊದಿಕೆ ಅದನ್ನು ಮುಚ್ಚಿಡುತ್ತದೆ. ಆದುದರಿಂದ ಈಗ ಉಕ್ಕಿನ ತಂತಿಯಾದರೆ ಅದಕ್ಕೆ ಹೊದಿಕೆ ಇರಕೂಡದೆಂದು ನಿಯಮ ಹೇಳುತ್ತದೆ. ಕೆಟ್ಟದ್ದು ಕಾಣುವಂತಿರಬೇಕು ಎಂಬ ಈ ವಿವೇಕ ದೋಣಿಗಷ್ಟೇ ಅಲ್ಲ, ಸಂಸಾರಕ್ಕೂ, ಸಂಘ ಸಂಸ್ಥೆಗಳ ಲೆಕ್ಕಪತ್ರಕ್ಕೂ ಸಲ್ಲುವಂಥದು.

ಈ ನಿಯಮಗಳು ಎಲ್ಲಿಂದ ಬಂದವೆಂಬ ಕುತೂಹಲದಿಂದ ಮುಂದೆ ಒಂದಷ್ಟು ಓದಿದೆ. 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಐರ್ಲೆಂಡಿನ ಕಡೆಯ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಮರಳುವ ಪಂದ್ಯಕ್ಕೆ 303 ಹಾಯಿದೋಣಿಗಳು ಹೊರಟಿದ್ದವು. ನಡುದಾರಿಯಲ್ಲಿ ಬಿರುಗಾಳಿ ಎರಗಿ, ಪಂದ್ಯದಲ್ಲಿದ್ದ ಹದಿನೈದು ನಾವಿಕರು ಸತ್ತರು. ಕೆಲವರ ಸೊಂಟಪಟ್ಟಿಗಳೋ ಅವುಗಳ ಕೊಕ್ಕೆಗಳೋ ಕಿತ್ತುಹೋಗಿದ್ದವು. ಹೆದರಿ ತೊರೆದುಬಂದ 24 ದೋಣಿಗಳಲ್ಲಿ 19 ಮುಳುಗದೆ ತೇಲುತ್ತಿದ್ದವು. ಅವನ್ನು ಬಿಟ್ಟು ಗಾಳಿತೆಪ್ಪ ಹತ್ತಿದವರಲ್ಲಿ ಕೆಲವರು ಉಳಿಯಲಿಲ್ಲ. 1998ರ ಡಿಸೆಂಬರಿನಲ್ಲಿ ಸಿಡ್ನಿಯಿಂದ ಹೋಬಾರ್ಟಿಗೆ ಹೊರಟ 115 ದೋಣಿಗಳಲ್ಲಿ ಗುರಿ ಮುಟ್ಟಿದವು 44. ಆರು ಜನ ತೀರಿಕೊಂಡರು. ಇಂತಹ ಪ್ರತಿ ದುರಂತದ ನಂತರ ವಿಚಾರಣೆ ನಡೆದು ನಿಯಮಗಳು ತಿದ್ದುಪಡಿಯಾಗುತ್ತ ಬಂದವು. ಇದನ್ನು ತಿಳಿದ ಮೇಲೆ ನನ್ನ ಕಣ್ಣಿಗೆ ಆ ಪಟ್ಟಿ ಕಚೇರಿಯ ಕಾಗದವಾಗಿ ಉಳಿಯಲಿಲ್ಲ. ಅದರ ಅನೇಕ ಸಾಲುಗಳ ಹಿಂದೆ ಮನೆಗೆ ಮರಳದ ಯಾರೋ ಒಬ್ಬರಿದ್ದಾರೆ. ಅವರು ಬಿಟ್ಟುಹೋದ ಮಾತನ್ನು ನಾನು ಚಹಾ ಕುಡಿಯುತ್ತ ಗೀಚಿ ಮುಗಿಸುತ್ತಿದ್ದೆ.

ಮತ್ತೊಂದು ಸಂಗತಿ ನನ್ನನ್ನು ಇನ್ನಷ್ಟು ಯೋಚನೆಗೆ ಹಚ್ಚಿತು. ಹಾಯಿದೋಣಿ ಪಂದ್ಯದ ನಿಯಮ ಪುಸ್ತಕವನ್ನು ತೆರೆದರೆ, ಮೊಟ್ಟಮೊದಲ ನಿಯಮ ಗೆಲ್ಲುವುದು ಹೇಗೆಂಬುದರ ಬಗ್ಗೆ ಇಲ್ಲ. ಅಪಾಯದಲ್ಲಿರುವ ಯಾವುದೇ ಮನುಷ್ಯನಿಗೆ, ದೋಣಿಗೆ ಸಾಧ್ಯವಾದ ಎಲ್ಲ ನೆರವನ್ನೂ ಕೊಡಬೇಕೆಂಬುದೇ ಮೊದಲ ನಿಯಮ. ಇದು ಬರಿಯ ಬರೆಹವಲ್ಲವೆಂದು 2018ರಲ್ಲಿ ಇಡೀ ದೇಶ ಕಂಡಿತು. ನಮ್ಮ ನೌಕಾಪಡೆಯ ಕಮಾಂಡರ್ ಅಭಿಲಾಷ್ ಟೋಮಿ ಏಕಾಂಗಿಯಾಗಿ ಜಗತ್ತನ್ನು ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿದ್ದರು. ಅವರ ದೋಣಿ ‘ತುರೀಯಾ’ ಗೋವೆಯಲ್ಲಿ ನಿರ್ಮಾಣವಾದುದು. ಅದು ರಾಬಿನ್ ನಾಕ್ಸ್-ಜಾನ್ಸ್‌ಟನ್ ಅವರ ‘ಸುಹೈಲಿ’ಯ ಪ್ರತಿರೂಪ, 1968-69ರಲ್ಲಿ ಎಲ್ಲಿಯೂ ನಿಲ್ಲದೆ ಒಬ್ಬಂಟಿಯಾಗಿ ಭೂಮಿಯನ್ನು ಮೊದಲ ಬಾರಿಗೆ ಸುತ್ತಿದ ಆ ‘ಸುಹೈಲಿ’ಯನ್ನು ಕಟ್ಟಿದ್ದು ನಮ್ಮ ಮುಂಬೈಯಲ್ಲಿಯೇ. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ‘ತುರೀಯಾ’ದ ಕಂಬಗಳು ಮುರಿದು, ಟೋಮಿಯವರ ಬೆನ್ನುಮೂಳೆಗೆ ಪೆಟ್ಟಾಗಿ, ಏಳಲಾಗದೆ ಮಲಗಿದ್ದರು. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಒಂದು ಸಣ್ಣ ಉಪಕರಣ ಅವರ ದನಿಯಾಯಿತು. ಅದೇ ಬಿರುಗಾಳಿಯಲ್ಲಿ ತನ್ನ ಕಂಬವನ್ನೂ ಕಳೆದುಕೊಂಡಿದ್ದ ಐರ್ಲೆಂಡಿನ ಪ್ರತಿಸ್ಪರ್ಧಿ ಗ್ರೆಗರ್ ಮೆಕ್‌ಗಕಿನ್, ಮುರುಕು ದೋಣಿಯಲ್ಲಿಯೇ ಅವರತ್ತ ಹೊರಟರು. 24ರಂದು ‘ಒಸಿರಿಸ್’ ಎಂಬ ಫ್ರೆಂಚ್ ಹಡಗು ಟೋಮಿಯವರನ್ನು ರಕ್ಷಿಸಿತು. ಅದೇ ಟೋಮಿಯವರು ಮುಂದಿನ ಪಂದ್ಯದಲ್ಲಿ ಮತ್ತೆ ಹೊರಟು, 2023ರಲ್ಲಿ ಎರಡನೆಯವರಾಗಿ ದಡ ಮುಟ್ಟಿದರು. ಸಂದೇಶದ ಆ ಉಪಕರಣವನ್ನು ಯಾರೋ ಒಬ್ಬರು ಹೊರಡುವ ಮುನ್ನ ಪರೀಕ್ಷಿಸಿರಬೇಕಲ್ಲವೇ ಎಂದು ಆ ಸುದ್ದಿ ಓದುತ್ತ ನಾನು ನೆನೆದೆ. ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ.

ಆ ಹೊತ್ತಿಗೆ ನಾನು ನಿವೃತ್ತನಾಗಿ ವಿಶ್ರಾಮಬಾಗಕ್ಕೆ ಮರಳಿ ಕೆಲವು ವರ್ಷಗಳಾಗಿದ್ದವು. ಸಮುದ್ರದ ಅಧ್ಯಾಯ ಮುಗಿಯಿತೆಂದುಕೊಂಡಿದ್ದೆ. 2019ರ ಆಗಸ್ಟ್ ಬಂದಿತು.

ಆ ದಿನಗಳನ್ನು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿದಳು. ಅಪಾಯದ ಮಟ್ಟವೇ 45 ಅಡಿ. ಸಾಂಗಲಿಯ ಪೇಟೆಗಳಲ್ಲಿ, ಕೆಳಗಿನ ಓಣಿಗಳಲ್ಲಿ ದೋಣಿಗಳು ಓಡಾಡಿದವು. ನಮ್ಮ ಮನೆಯಲ್ಲಿ ಮೂರು ಸಂಸಾರಗಳು ಹತ್ತು ದಿನ ಒಂದೇ ಒಲೆಯಲ್ಲಿ ಉಂಡೆವು. ಆಗಸ್ಟ್ 8ರಂದು ಪಲುಸ ತಾಲೂಕಿನ ಬ್ರಹ್ಮನಾಳದಲ್ಲಿ, ನೆರೆಯಿಂದ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ, ಹೆಂಗಸರು ಮಕ್ಕಳು ಸೇರಿ ಹತ್ತಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದರು. ದೋಣಿಗೆ ಮಿತಿಮೀರಿ ಜನ ಹತ್ತಿದ್ದರೆಂದು ಆಗ ವರದಿಯಾಗಿತ್ತು. ನೀರು ಏರುತ್ತಿರುವಾಗ, ದಡದಲ್ಲಿ ನಿಂತ ತಾಯಿಗೆ ‘ಮುಂದಿನ ಸರತಿಗೆ ಬಾ’ ಎಂದು ಹೇಳುವ ಎದೆ ಯಾರಿಗಿರುತ್ತದೆ? ಆ ಕ್ಷಣದಲ್ಲಿ ಯಾರನ್ನೂ ದೂರುವಂತಿಲ್ಲ. ದೂರಬೇಕಾದುದು, ನೀರು ಇಳಿದಿದ್ದ ಎಲ್ಲ ವರ್ಷಗಳಲ್ಲಿ ಸುಮ್ಮನೆ ಕುಳಿತಿದ್ದ ನಮ್ಮನ್ನು. ನದಿಯಿಂದ ಕೆಲವೇ ಮೈಲು ದೂರದಲ್ಲಿ, ಇದೇ ವಿದ್ಯೆಯನ್ನು ಹದಿನೇಳು ವರ್ಷ ಕಲಿತ ಮನುಷ್ಯನೊಬ್ಬ ವೃತ್ತಪತ್ರಿಕೆ ಓದುತ್ತ ಕುಳಿತಿದ್ದ; ಅವನು ನಾನು.

ನೀರು ಇಳಿದ ಮೇಲೆ, ನೆರೆಯಲ್ಲಿ ದುಡಿದ ತರುಣರ ಗುಂಪೊಂದನ್ನು ಕಂಡೆ. ಮಳೆಗಾಲದಲ್ಲಿ ಕೃಷ್ಣೆಯ ಹೋಡಿ ಶರ್ಯತ್ತುಗಳಲ್ಲಿ ಹುಟ್ಟು ಹಾಕುವ ಹುಡುಗರು, ತೋಳುಗಳು ಕಬ್ಬಿಣ. ಅವರ ಬಳಿ ಇಪ್ಪತ್ತೆರಡು ಲೈಫ್ ಜಾಕೆಟ್ಟುಗಳಿದ್ದವು. ಒದ್ದೆಯಾಗಿಯೇ ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. “ಎಷ್ಟಿವೆ?” ಎಂದೆ. “ಇಪ್ಪತ್ತೆರಡು, ಕಾಕಾ.” “ಎಲ್ಲವೂ ಸರಿಯಿವೆಯೇ?” “ಸರಿಯಿವೆ.” ನಾನು ಆ ಪ್ರಶ್ನೆಯನ್ನು ಕೇಳಿದೆ: “ಹೇಗೆ ಗೊತ್ತು?” ಹುಡುಗರು ಮುಖ ಮುಖ ನೋಡಿಕೊಂಡರು. ಇಪ್ಪತ್ಮೂರು ವರ್ಷಗಳ ಹಿಂದೆ ಬಂದರಿನ ದೀಪದ ಕೆಳಗೆ ನಾನು ನಿಂತಂತೆಯೇ ನಿಂತಿದ್ದರು.

ಇವು ಗಾಳಿಯವಲ್ಲ, ಒಳಗೆ ಫೋಮ್ ತುಂಬಿದವು. ಇವುಗಳ ಶತ್ರು ಬಿಸಿಲು ಮತ್ತು ನಮ್ಮದೇ ಸೋಮಾರಿತನ. ದಿಂಬಿನಂತೆ ಇವುಗಳ ಮೇಲೆ ಕುಳಿತು ಕುಳಿತು ಫೋಮ್ ಚಪ್ಪಟೆಯಾದರೆ ತೇಲುವ ಶಕ್ತಿ ಕುಗ್ಗುತ್ತದೆ. ಬಿಸಿಲಿಗೆ ಬಣ್ಣಗೆಟ್ಟ ಬಟ್ಟೆ ಎಳೆದರೆ ಹರಿಯುತ್ತದೆ. ಬಕಲ್ ಒಂದು ಹಲ್ಲು ಮುರಿದಿದ್ದರೂ ನೀರಿನಲ್ಲಿ ಜಾಕೆಟ್ಟು ತಲೆಯ ಮೇಲಿಂದ ಕಳಚಿಹೋಗುತ್ತದೆ. ನಮ್ಮ ಮನೆಯ ಹಿತ್ತಲಿನ ನೀರಿನ ತೊಟ್ಟಿಯನ್ನು ತುಂಬಿಸಿ, ಪ್ರತಿ ಜಾಕೆಟ್ಟಿಗೂ ಒಂದೇ ತೂಕದ ಕಬ್ಬಿಣ ಕಟ್ಟಿ, ಸರತಿಯಂತೆ ಒಂದೊಂದು ರಾತ್ರಿ ತೇಲಿಬಿಟ್ಟೆವು. ಮೂರು ಜಾಕೆಟ್ಟುಗಳು ಬೆಳಗಾಗುವಷ್ಟರಲ್ಲಿ ತಳ ಸೇರಿದ್ದವು. ಪಟ್ಟಿಗಳನ್ನು ಇಬ್ಬರು ಹಿಡಿದು ಜಗ್ಗಿದಾಗ ಆರು ಜಾಕೆಟ್ಟುಗಳ ಹೊಲಿಗೆ ಬಿಚ್ಚಿತು. ಮುಳುಗಿದ ಮೂರನ್ನು ಕತ್ತರಿಸಿ ಎಸೆದೆವು. ಇಲ್ಲವಾದರೆ ಮತ್ತೆ ಯಾರೋ ಅವನ್ನು ಎಣಿಕೆಗೆ ಸೇರಿಸುತ್ತಾರೆ. ಆರನ್ನು ನಮ್ಮ ಬೀದಿಯ ಚಪ್ಪಲಿ ಹೊಲಿಯುವ ಕಾರಾಗಿರನು ನೈಲಾನ್ ದಾರದಿಂದ ಎರಡೆರಡು ಸಾಲು ಹೊಲಿದುಕೊಟ್ಟ. ಯಾತಕ್ಕೆಂದು ತಿಳಿದ ಮೇಲೆ ಮಜೂರಿ ಬೇಡವೆಂದ. ಉಳಿದುದಕ್ಕೆ ನೆರಳಿನಲ್ಲಿ ತೂಗುಹಾಕಲು ಗೂಟಗಳಾದವು. ದೋಣಿಯ ಪಕ್ಕಕ್ಕೆ ಎಷ್ಟು ಜನರೆಂಬ ಅಂಕಿಯನ್ನು ಕೆಂಪು ಬಣ್ಣದಲ್ಲಿ, ದಡದಿಂದ ಕಾಣುವಷ್ಟು ದೊಡ್ಡದಾಗಿ ಬರೆಯಿಸಿದೆವು. ಬೇಡವೆನ್ನುವ ಕಠಿಣ ಮಾತನ್ನು ಮನುಷ್ಯ ಹೇಳಲಾರದಿದ್ದಾಗ ಆ ಅಂಕಿಯಾದರೂ ಹೇಳಲಿ ಎಂದು.

2021ರ ಜುಲೈಯಲ್ಲಿ ಮತ್ತೆ ನೀರು ಬಂದಿತು. ಆ ಹುಡುಗರು ಮತ್ತೆ ಹೊರಟರು. ವಾರದ ನಂತರ ಅವರಲ್ಲೊಬ್ಬ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು, ಬಹಳ ಹೊತ್ತು ಬೇರೇನೋ ಮಾತಾಡಿ, ಏಳುವಾಗ ಹೇಳಿದ: “ಕಾಕಾ, ಒಬ್ಬ ಮುದುಕಿ ದೋಣಿ ಹತ್ತುವಾಗ ಕಾಲು ಜಾರಿ ಬಿದ್ದಳು. ಜಾಕೆಟ್ಟಿನ ಬೆನ್ನಿನ ಪಟ್ಟಿ ಹಿಡಿದು ಎತ್ತಿದೆ. ಹೊಲಿಗೆ ಬಿಚ್ಚಲಿಲ್ಲ.” ಅಷ್ಟೇ ಹೇಳಿ ಹೋದ. ಖಾಂದೇರಿಯ ಆ ಹನ್ನೊಂದು ನಿಮಿಷಗಳು ನನ್ನೊಳಗೆ ಇಪ್ಪತ್ತೈದು ವರ್ಷ ಹೊತ್ತಿಕೊಂಡೇ ಇದ್ದವು. ಅವು ಆರಿದವೆನ್ನಲಾರೆ, ಆದರೆ ಆ ದಿನ ಕೊಂಚ ತಣ್ಣಗಾದವು.

ಈಗ ಪ್ರತಿ ವರ್ಷ ಖಂಡೇನವಮಿಯಂದು, ಎಲ್ಲರ ಮನೆಯಲ್ಲಿ ಆಯುಧಗಳಿಗೆ ಅರಿಷಿನ ಕುಂಕುಮ ಏರುವಾಗ, ನಮ್ಮ ಮನೆಯಲ್ಲಿ ಇಕ್ಕಳ, ಸುತ್ತಿಗೆಗಳ ಪಕ್ಕದಲ್ಲಿ ಒಂದು ಹಳೆಯ ಲೈಫ್ ಜಾಕೆಟ್ಟು ಮತ್ತು ಒಂದು ಮರದ ಬಿರಡೆಗೂ ಪೂಜೆಯಾಗುತ್ತದೆ. ಆಯುಧಪೂಜೆಯೆಂದರೆ ಮೊದಲು ಆಯುಧವನ್ನು ತೊಳೆದು, ಒರೆಸಿ, ಎಣ್ಣೆ ಹಚ್ಚುವುದು, ಹೂವು ಆಮೇಲೆ. ನಮ್ಮ ಹಿರಿಯರು ಪರೀಕ್ಷೆಯ ದಿನವನ್ನೇ ಹಬ್ಬವನ್ನಾಗಿ ಮಾಡಿಟ್ಟಿದ್ದಾರೆ. ನಾವು ಹೂವನ್ನು ಉಳಿಸಿಕೊಂಡು ಎಣ್ಣೆಯನ್ನು ಮರೆತಿದ್ದೇವೆ. ಹೋದ ವರ್ಷ ನಮ್ಮ ಮೊಮ್ಮಗಳು ಅಡುಗೆಮನೆಯ ತಕ್ಕಡಿಯನ್ನು ತಂದು, ಆ ಪುಟ್ಟ ಸಿಲಿಂಡರನ್ನು ತಾನೇ ತೂಗಿ, ಮೈಮೇಲಿನ ಅಂಕಿಯೊಂದಿಗೆ ಹೋಲಿಸಿ, “ಅಜ್ಜಾ, ಸರಿ ಐತಿ. ನಾನೇ ನೋಡೇನಿ,” ಎಂದಳು. ಪಟ್ಟಿಯ ಮೂರನೆಯ ಅಂಕಣದಲ್ಲಿ ಅವಳ ಕೈಬರಹ ಬಿದ್ದಿದೆ.

ಸಾಹಿತ್ಯದ ಹಬ್ಬಕ್ಕೆ ಬಂದ ಸಂಘದ ಬಂಧುಗಳಿಗೆ ಹಾಯಿದೋಣಿಯ ಗೊಡವೆ ಬೇಡವಾಗಿರಬಹುದು. ಆದರೆ ನಿಮ್ಮ ಅಡುಗೆಮನೆಯ ಗ್ಯಾಸಿನ ರಬ್ಬರ್ ಕೊಳವೆಯ ಮೇಲೆ ಅದರ ಆಯುಷ್ಯ ಮುಗಿಯುವ ವರ್ಷವನ್ನು ಅಚ್ಚು ಹಾಕಿರುತ್ತಾರೆ. ನೀವು ಸೇರುವ ಸಭಾಭವನದ ಗೋಡೆಯ ಮೇಲಿನ ಕೆಂಪು ಬೆಂಕಿನಂದಕದಲ್ಲಿ ಒಂದು ಸಣ್ಣ ಮುಳ್ಳಿದೆ. ಅದು ಹಸಿರಿನಲ್ಲಿ ನಿಂತಿರಬೇಕು. ಮಧ್ಯಾಹ್ನದ ಊಟದ ಸಾಲಿನಲ್ಲಿ ನಿಂತಾಗ ಒಮ್ಮೆ ಅದರತ್ತ ನೋಡಿ. ‘ಇದೆ’ ಎಂದು ಸಮಾಧಾನಪಡುವ ಮುನ್ನ, ಆ ಪಾರ್ಸಿ ಹಿರಿಯರು ನನ್ನನ್ನು ಕೇಳಿದ ಪ್ರಶ್ನೆಯನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ.